ಒಂದು ಸುಳ್ಳು ಹೇಳಿದೆ, ಈಜುಕೊಳವೇ ಕೈತಪ್ಪಿತು | ಬೇಸಿಗೆ ಪಾರ್ಟಿಯಲ್ಲಿ ಕುಡಿಯದವನ ಪಾಡು

ಹಿಂದೆ ಗಲಾಟೆ ಜಾಸ್ತಿ ಇದೆ, ಸ್ವಲ್ಪ ಸಹಿಸಿಕೊಳ್ಳಿ. ಆ ಕಟಕಟ ಸದ್ದು ಐಸ್ ಒಡೆಯುತ್ತಿರುವುದು. ಮಧ್ಯಾಹ್ನ ಹನ್ನೆರಡೂ ಆಗಿಲ್ಲ, ಆಗಲೇ ಶುರು. ಮುಖ ತೋರಿಸಬೇಡ ಎಂದು ಎಲ್ಲರೂ ಹೇಳಿದ್ದಾರೆ, ಅದಕ್ಕೇ ಇವತ್ತಿನ ವಿಡಿಯೋ ತುಂಬ ಬರೀ ಕಾಲುಗಳು, ಚಪ್ಪಲಿಗಳು, ಗ್ಲಾಸುಗಳು.

ನಾನು ಕುಡಿಯುವುದಿಲ್ಲ. ಮೊದಲು ಕುಡಿಯುತ್ತಿದ್ದೆ, ಎರಡು ವರ್ಷದಿಂದ ಬಿಟ್ಟಿದ್ದೇನೆ. ಹಿಂದೆ ದೊಡ್ಡ ಕಥೆ ಏನೂ ಇಲ್ಲ. ಮಾರನೇ ದಿನ ಪೂರ್ತಿ ಹಾಳಾಗುತ್ತಿತ್ತು, ಸಾಕಾಯಿತು. ವರ್ಷದ ಬೇರೆ ತಿಂಗಳುಗಳಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಬೇಸಿಗೆ ಬಂತೆಂದರೆ ಸಾಕು, ಊರಿಗೆಲ್ಲ ನನ್ನ ಬಾಯಾರಿಕೆಯದೇ ಚಿಂತೆ. "ಇಷ್ಟು ಸೆಖೆಯಲ್ಲಿ ಒಂದು ಬಿಯರ್ ಬೇಡವೇನೋ? ಅದೇನು ಕುಡಿತ ಅಲ್ಲ ಕಣೋ, ತಣ್ಣಗಿನ ನೀರು ಇದ್ದ ಹಾಗೆ."

ನೀರು ಇದ್ದ ಹಾಗೆ ಇಲ್ಲ. ಮೈಯಲ್ಲಿ ನೀರು ಉಳಿಸಿಕೊಳ್ಳಲು ಮೆದುಳು ವಾಸೊಪ್ರೆಸಿನ್ ಎನ್ನುವ ಹಾರ್ಮೋನ್ ಬಿಡುತ್ತದೆ. ಆಲ್ಕೋಹಾಲ್ ಅದನ್ನು ತಗ್ಗಿಸುತ್ತದೆ. ಆಗ ಕಿಡ್ನಿ ನೀರನ್ನು ಹಿಡಿದಿಡದೆ ಹೊರಗೆ ಕಳಿಸುತ್ತದೆ. ಅಲ್ನೋಡಿ, ಕ್ಯಾಮೆರಾ ಮುಂದೆ ಒಬ್ಬರಾದ ಮೇಲೆ ಒಬ್ಬರು ಟಾಯ್ಲೆಟ್ ಕಡೆ ಹೋಗುತ್ತಿದ್ದಾರಲ್ಲ, ಅದೇ. ಮೊದಲೇ ಬೆವರಿನಲ್ಲಿ ನೀರು ಹೋಗುತ್ತಿದೆ, ಮೇಲೆ ಇದೊಂದು. ಕುಡಿದ ಕ್ಷಣಕ್ಕೆ ತಂಪು ಅನ್ನಿಸುತ್ತದೆ, ಅದು ನಿಜ. ನನಗೂ ಅನ್ನಿಸುತ್ತಿತ್ತು.

ಇದನ್ನೆಲ್ಲ ಪಾರ್ಟಿಯಲ್ಲಿ ಹೇಳಿದರೆ ಏನಾಗುತ್ತದೆ ಗೊತ್ತಾ? ಹೋದ ವರ್ಷ ಹೇಳಿ ನೋಡಿದ್ದೇನೆ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಮಿತಿಯೇ ಇಲ್ಲ ಎಂದು ಹೇಳಿತ್ತು. ಅದನ್ನು ಎಲ್ಲರ ಮುಂದೆ ಹೇಳಿದೆ. ಎಲ್ಲರೂ ಸುಮ್ಮನಾದರು. ಒಬ್ಬ ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದ. ನಾನು ಹೇಳಿದ್ದು ಸರಿಯಾಗೇ ಇತ್ತು, ಸಮಯ ಸರಿ ಇರಲಿಲ್ಲ. ಗ್ಲಾಸ್ ಕೈಯಲ್ಲಿರುವವನಿಗೆ ಪಾಠ ಮಾಡಬೇಡಿ.

ಅದಕ್ಕೇ ಈ ಸಲ ಸುಲಭದ ದಾರಿ ಎಂದುಕೊಂಡು ಒಂದು ಸುಳ್ಳು ಹೇಳಿದೆ. ಇವತ್ತಿನ ವಿಡಿಯೋ ಇರುವುದೇ ಅದರ ಬಗ್ಗೆ.

ಗೇಟಿನಲ್ಲೇ ಗ್ಲಾಸ್ ಕೊಟ್ಟರು. "ಇಲ್ಲ ಮಗಾ, ಆಂಟಿಬಯಾಟಿಕ್ ತಗೋತಾ ಇದೀನಿ" ಅಂದೆ. ಅವನು ಪಾಪ ಅಷ್ಟಕ್ಕೇ ಬಿಟ್ಟ. ಆದರೆ ಪಕ್ಕದಲ್ಲಿದ್ದ ಗೆಳತಿ ಓದಿರುವುದು ಫಾರ್ಮಸಿ. "ಯಾವ ಆಂಟಿಬಯಾಟಿಕ್ಕೋ?" ಅಂದಳು. ನಾನು ಅಮಾಕ್ಸಿಸಿಲಿನ್ ಅಂದೆ, ಗೊತ್ತಿದ್ದ ಹೆಸರು ಅದೊಂದೇ. "ಅದಕ್ಕೂ ಒಂದು ಬಿಯರಿಗೂ ಅಂಥ ತೊಂದರೆ ಏನಿಲ್ಲ. ಕುಡೀಬೇಡಿ ಅಂತ ಖಡಾಖಂಡಿತ ಹೇಳೋದು ಮೆಟ್ರೊನಿಡಜೋಲ್ ಥರದ್ದಕ್ಕೆ." ಅಲ್ಲಿಗೇ ಸುಮ್ಮನಿದ್ದರೆ ಆಗುತ್ತಿತ್ತು. "ಹಾಂ ಹಾಂ, ಅದೇ, ಮೆಟ್ರೊನಿಡಜೋಲ್, ಹೆಸರು ಮರೆತುಹೋಗಿತ್ತು" ಅಂದುಬಿಟ್ಟೆ.

ಅವಳ ಮುಖ ಬದಲಾಯಿತು. ಆ ಮಾತ್ರೆ ಯಾವುದಕ್ಕೆ ಕೊಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಅಮೀಬಾದಿಂದ ಬರುವ ಆಮಶಂಕೆ, ಕರುಳಿಗೆ ಸೇರಿ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎನ್ನುವ ಸೂಕ್ಷ್ಮಜೀವಿ, ಇಂಥವಕ್ಕೆ. "ಭೇದಿನಾ?" ಅಂತ ಕೇಳಿದಳು. ಮೆಲ್ಲಗೆ ಕೇಳಿದ್ದರೂ ಆಗುತ್ತಿತ್ತು. ಹಾಡು ನಿಂತ ಗಳಿಗೆಯಲ್ಲೇ ಕೇಳಿದಳು.

ಅಲ್ಲಿಂದ ನನ್ನ ಕಥೆ ಮುಗಿಯಿತು. ಐಸ್ ಡಬ್ಬಿಗೆ ಕೈ ಹಾಕಬೇಡ ಅಂದರು. ಕುರ್ಚಿ ಸ್ವಲ್ಪ ಆಚೆ ಎಳೆದುಕೊಂಡರು. ಆಮೇಲೆ ನಾನು ಶರ್ಟ್ ಬಿಚ್ಚಿ ಕೊಳದ ಕಡೆ ಹೊರಟೆ. ಅವಳು ಅಕ್ಷರಶಃ ಅಡ್ಡ ನಿಂತಳು. ಹೊಟ್ಟೆ ಕೆಟ್ಟವರು ಕೊಳಕ್ಕೆ ಇಳಿಯಬಾರದಂತೆ, ಕ್ಲೋರಿನ್ ಸರಿಯಾಗಿ ಹಾಕಿದ ನೀರಿನಲ್ಲೂ ಜಿಯಾರ್ಡಿಯಾ ಮುಕ್ಕಾಲು ಗಂಟೆ ಬದುಕಿರಬಲ್ಲದಂತೆ. ಅವಳು ಹೇಳಿದ್ದೆಲ್ಲ ಸರಿ. ಮನೆಗೆ ಬಂದು ಹುಡುಕಿ ನೋಡಿದೆ, ಒಂದಕ್ಷರ ತಪ್ಪಿಲ್ಲ. ಅದೇ ಇನ್ನೂ ಸಿಟ್ಟು.

ಹಾಗಾಗಿ ಈ ಶಾಟ್. ಎಲ್ಲರೂ ನೀರಿನಲ್ಲಿ, ನಾನು ದಡದಲ್ಲಿ, ಪ್ಯಾಂಟು ಮಡಚಿಕೊಂಡು. ಕಾಲು ಅದ್ದುವುದಕ್ಕೂ ಪರ್ಮಿಷನ್ ಸಿಗಲಿಲ್ಲ.

ಅಂದಹಾಗೆ ಈ ಟೋಪಿ ಬಗ್ಗೆ ತುಂಬ ಜನ ಕೇಳಿದ್ದಿರಿ. ಚೆನ್ನಾಗಿಲ್ಲ, ತಗೋಬೇಡಿ. ಬೆವರಿಗೆ ಬಣ್ಣ ಬಿಡುತ್ತದೆ, ಹಣೆ ಮೇಲೆ ಕಾಣುತ್ತಿದೆಯಲ್ಲ, ನೀಲಿ. ಸರಿ, ಶಾಟ್ ಮುಗಿಯಿತು, ಮುಂದೆ ಹೋಗೋಣ.

ಇದು ಝೀರೋ ಬಿಯರ್, ಅಂದರೆ ಆಲ್ಕೋಹಾಲ್ ಇಲ್ಲದ್ದು. ಮೊದಲು ಇದನ್ನು ಕಂಡರೆ ನಗುತ್ತಿದ್ದೆ, ಶುದ್ಧ ದಂಡ ಎನ್ನುತ್ತಿದ್ದೆ. ಈಗ ಇಷ್ಟ. ಕೈಯಲ್ಲಿ ಇಂಥದ್ದೊಂದು ಬಾಟಲಿ ಇದ್ದರೆ ಯಾರೂ ಬಂದು ಕೇಳುವುದಿಲ್ಲ. ಲೇಬಲ್ ಮಾತ್ರ ಓದಿ. ಕೆಲವು 0.0 ಇರುತ್ತವೆ, ಕೆಲವರು 0.5 ಶೇಕಡಾ ಆಲ್ಕೋಹಾಲ್ ಇರುವುದನ್ನೂ ಇದೇ ಸಾಲಿನಲ್ಲಿ ಮಾರುತ್ತಾರೆ. ಮತ್ತೆ, ಚಟವಾಗಿ ಕಷ್ಟಪಟ್ಟು ಬಿಟ್ಟವರಿಗೆ ಆ ರುಚಿ, ಆ ವಾಸನೆಯೇ ಹಳೆಯದನ್ನು ಕೆದಕಬಹುದು. ಅವರಿಗೆ ಇದನ್ನು ಒತ್ತಾಯ ಮಾಡಬೇಡಿ. ಯಾಕೆ ಕುಡಿಯಲ್ಲ ಎಂದು ಎಲ್ಲರೆದುರು ಕೇಳಲೂ ಬೇಡಿ. ಬಸಿರಿರಬಹುದು, ಮಾತ್ರೆ ಇರಬಹುದು, ನಿಜವಾದ ಮಾತ್ರೆ, ನನ್ನ ಥರದ್ದಲ್ಲ.

ಈ ಶಾಟ್ ನೋಡಿ, ಇದು ನನಗೆ ಇಷ್ಟ. ಆ ಕೆಂಪು ಚಪ್ಪಲಿ ನನ್ನದಲ್ಲ. ಮೂರು ಗಂಟೆ ಹೊತ್ತಿಗೆ ಬಂದು ಪಕ್ಕದಲ್ಲಿ ಕೂತರು, ನನಗೆ ಪರಿಚಯವೇ ಇಲ್ಲ. ಅವರ ಗ್ಲಾಸ್ ಬೆಳಗ್ಗೆಯಿಂದ ತುಂಬಿಯೇ ಇತ್ತು, ಐಸ್ ಕರಗಿ ಅಂಚಿನವರೆಗೆ ಬಂದಿತ್ತು. "ನಾನೂ ಕುಡಿಯಲ್ಲ, ಸುಮ್ನೆ ಹಿಡ್ಕೊಂಡಿದೀನಿ" ಅಂದರು. ಗಿಡದ ಬುಡಕ್ಕೆ ಚೆಲ್ಲಿಬಿಟ್ಟರು.

1951ರಲ್ಲಿ ಸಾಲಮನ್ ಆಶ್ ಎನ್ನುವ ಮನೋವಿಜ್ಞಾನಿ ಒಂದು ಪ್ರಯೋಗ ಮಾಡಿದ್ದರು. ಗೆರೆಗಳನ್ನು ತೋರಿಸಿ, ಈ ಗೆರೆಯಷ್ಟೇ ಉದ್ದ ಇರುವುದು ಯಾವುದು ಎಂದು ಕೇಳುವುದು. ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಹೇಳುತ್ತಾರೆ. ಕಣ್ಣೆದುರೇ ಸರಿ ಉತ್ತರ ಇದ್ದರೂ ನಾಲ್ಕರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ಜೊತೆ ಹೋದರು. ಆದರೆ ಇನ್ನೊಬ್ಬ ಸರಿ ಉತ್ತರ ಹೇಳುವವನು ಜೊತೆಗಿದ್ದರೆ, ಹಾಗೆ ತಲೆಯಾಡಿಸುವುದು ಗಣನೀಯವಾಗಿ ಇಳಿಯಿತು. ಒಬ್ಬನೇ ಒಬ್ಬ ಸಾಕಾಯಿತು. ನನಗೆ ಅವತ್ತು ಸಿಕ್ಕಿದ್ದು ಈ ಕೆಂಪು ಚಪ್ಪಲಿಯವರು.

ಗೆಳೆಯರಿಬ್ಬರು ಮತ್ತೆ ಗ್ಲಾಸ್ ಹಿಡಿದು ಬಂದಾಗ ನಾನು ಬರೀ "ಬೇಡಪ್ಪ" ಅಂದೆ. ಕಾರಣ ಹೇಳಲಿಲ್ಲ. "ಯಾಕೋ?" "ಬೇಡ, ಅಷ್ಟೆ." ಮೂರನೇ ಸಲಕ್ಕೆ ಅವರಿಗೇ ಬೇಜಾರಾಗಿ ಹೋದರು. ಬೆಳಗ್ಗೆಯೇ ಹೀಗಂದಿದ್ದರೆ ನಾನೂ ನೀರಿನಲ್ಲಿರುತ್ತಿದ್ದೆ. ಕಾರಣ ಕೊಟ್ಟರೆ ಅದರ ಮೇಲೆ ಚರ್ಚೆ ಶುರುವಾಗುತ್ತದೆ. ಬೇಡ ಅನ್ನುವುದರ ಮೇಲೆ ಏನೆಂದು ಚರ್ಚೆ ಮಾಡುತ್ತಾರೆ?

ಬ್ಯಾಟರಿ ಕೆಂಪು ತೋರಿಸುತ್ತಿದೆ. ಇದು ಕೊನೆಯ ಕ್ಲಿಪ್, ನಿನ್ನೆಯದು, ಪಾರ್ಟಿ ಆಗಿ ವಾರದ ಮೇಲೆ. ಫೋನ್ ಸ್ಕ್ರೀನ್ ಕಾಣುತ್ತಿದೆಯಾ? ಗೆಳತಿಯ ಮೆಸೇಜು. "ಕೋರ್ಸ್ ಪೂರ್ತಿ ಮುಗಿಸಿದೆ ತಾನೆ? ಮಧ್ಯದಲ್ಲಿ ನಿಲ್ಲಿಸಬಾರದು." ಹೂಂ ಎಂದು ಬರೆದು ಕಳಿಸಿದ್ದೇನೆ. ಅವಳು ಈ ಚಾನೆಲ್ ನೋಡುವುದಿಲ್ಲ ಎಂದುಕೊಂಡಿದ್ದೇನೆ.