ತಡಿಯಂಡಮೋಳಿಗೆ ಬೈಕಲ್ಲಿ: ಇಳಿಯೋ ಹೊತ್ತು ಮೊದಲು ಗೊತ್ತು ಮಾಡಿ

ನಮಸ್ಕಾರ. ಬುತ್ತಿ ಕಟ್ಕೊಂಡು ಬೈಕಲ್ಲಿ ಬೆಟ್ಟಕ್ಕೆ ಹೊರಟಿರೋ ಗೆಳೆಯರಿಗೆ ಇವತ್ತಿನ ಮಾತು. ಎಷ್ಟು ಗಂಟೆಗೆ ಹೊರಡೋಣ ಅಂತ ಗ್ರೂಪಲ್ಲಿ ಅರ್ಧ ರಾತ್ರಿವರೆಗೂ ಚರ್ಚೆ ನಡೆಯುತ್ತೆ. ಎಷ್ಟು ಗಂಟೆಗೆ ಇಳಿಯಬೇಕು ಅಂತ ಯಾರೂ ಕೇಳಲ್ಲ. ಕೊಡಗಲ್ಲಿ ಮೊದಲು ಕೇಳಬೇಕಾದ್ದು ಅದನ್ನೇ.

ತಡಿಯಂಡಮೋಳನ್ನೇ ತಗೊಳ್ಳಿ. 1,748 ಮೀಟರ್, ಜಿಲ್ಲೆಯಲ್ಲೇ ಎತ್ತರದ ಬೆಟ್ಟ. ಮಡಿಕೇರಿಯಲ್ಲೇ ಪೆಟ್ರೋಲ್ ಹಾಕಿಸ್ಕೊಂಡು ನಾಪೋಕ್ಲು, ಕಕ್ಕಬ್ಬೆ ದಾಟಿ ನಾಲ್ಕುನಾಡು ಅರಮನೆ ಕಡೆ ಹೋಗ್ಬೇಕು. ಅಲ್ಲಿಂದ ಮುಂದೆ ಕಾಲ್ನಡಿಗೆ. ಹತ್ತೋಕೆ ಮೂರು ಗಂಟೆ, ಊಟಕ್ಕೆ ಒಂದು, ಇಳಿಯೋಕೆ ಎರಡು ಅಂತ ಇಟ್ಕೊಳ್ಳಿ. ಸಂಜೆ ನಾಲ್ಕಕ್ಕೆ ಬೈಕ್ ಹೊರಡ್ಬೇಕಾದ್ರೆ, ಅರ್ಧ ಗಂಟೆ ಕೈಲಿಟ್ಕೊಂಡು ಒಂಬತ್ತೂವರೆಗೆಲ್ಲ ನಡಿಗೆ ಶುರುವಾಗಿರ್ಬೇಕು. ನಾಲ್ಕೇ ಯಾಕೆ? ತೋಟದ ರಸ್ತೆಗಳಲ್ಲಿ ಮರದ ನೆರಳಿಗೆ ಬೇಗ ಕತ್ತಲಾಗುತ್ತೆ, ಮುಸ್ಸಂಜೆಗೆ ಆನೆ ಓಡಾಟ, ಮಾರ್ಚ್ ಏಪ್ರಿಲಲ್ಲಾದ್ರೆ ಮಧ್ಯಾಹ್ನದ ಮೇಲೆ ಹೂಮಳೆ (ಕಾಫಿ ಗಿಡ ಹೂ ಬಿಡೋಕೆ ಕಾರಣವಾಗೋ ಮಳೆ) ಬೇರೆ. ಜೋರು ಮಳೆಗಾಲದಲ್ಲಂತೂ ಹೋಗ್ಲೇಬೇಡಿ.

ಇನ್ನು ಇಳಿಜಾರು. ಹತ್ತಿದ ಗೇರಲ್ಲೇ ಇಳೀರಿ, ಆಗ ಎಂಜಿನ್ನೇ ಬೈಕನ್ನ ಹಿಡಿದು ನಿಧಾನ ಮಾಡುತ್ತೆ. ಹಿಂದೆ ಒಬ್ರು ಕೂತಿದ್ರೆ 150 ಸಿಸಿ ಬೈಕಿಗೆ ಕಡಿದಾದ ತಿರುವಲ್ಲಿ ಎರಡನೇ ಗೇರು. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಹಾಕೋದು ಶುದ್ಧ ತಪ್ಪು, ಆಗ ಇಡೀ ಭಾರ ಬ್ರೇಕ್ ಮೇಲೇ ಬೀಳುತ್ತೆ. ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದ್ರೆ ಬಿಸಿ ಏರ್ತಾ ಹೋಗುತ್ತೆ. ಡಿಸ್ಕ್ ಬ್ರೇಕಿನ ಆಯಿಲ್ ಗಾಳಿಯ ತೇವ ಹೀರ್ಕೊಳ್ಳುತ್ತೆ. ಹಳೇ ಆಯಿಲ್ ಬಿಸಿಗೆ ಕುದಿದು ಒಳಗೆ ಗುಳ್ಳೆ ಎದ್ರೆ ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬರುತ್ತೆ, ಬ್ರೇಕ್ ಮಾತ್ರ ಹಿಡಿಯಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ. ಗೇರಿಲ್ಲದ ಸ್ಕೂಟರಿಗೆ ಅಪಾಯ ಇನ್ನೂ ಜಾಸ್ತಿ: ನಿಧಾನ ಆದ್ಕೂಡ್ಲೇ ಕ್ಲಚ್ ಬಿಟ್ಕೊಂಡು ಎಂಜಿನ್ ಹಿಡಿತ ಹೋಗ್ಬಿಡುತ್ತೆ. ಅವರು ಆಗಾಗ ನಿಲ್ಲಿಸಿ ಬ್ರೇಕ್ ಆರೋಕೆ ಬಿಡ್ಬೇಕು, ಉಳಿದವರು ಕಾಯಬೇಕು.

ತೋಟದ ಗೇಟುಗಳ ಮುಂದೆ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಮಣ್ಣಿರುತ್ತೆ, ಅದರ ಮೇಲೆ ಸಿಲ್ವರ್ ಓಕ್ ಎಲೆ. ಒದ್ದೆಯಾದ್ರೆ ಜಾರೋದು ಗ್ಯಾರಂಟಿ. ಗೇಟು ಕಂಡ್ರೆ ತಿರುವಿಗೆ ಮೊದಲೇ ವೇಗ ಇಳಿಸಿ. ತಿರುವಿನ ಒಳಗೆ ಬ್ರೇಕ್ ಒತ್ಬೇಡಿ. ಎಡ ಬಿಡಬೇಡಿ, ಎದುರಿಂದ ಜೀಪು ಬರುತ್ತೆ. ಮಂಜು ಇದ್ರೆ ಲೋ ಬೀಮ್. ಹೈ ಬೀಮ್ ಹಾಕಿದ್ರೆ ಮಂಜೇ ಬೆಳ್ಳಗಾಗಿ ಕಣ್ಣಿಗೆ ಹೊಡೆಯುತ್ತೆ.

ಬುತ್ತಿ ವಿಷಯ. ಕಾಡಲ್ಲಿ ಒಲೆ ಹಚ್ಚೋ ಆಸೆ ಬಿಟ್ಬಿಡಿ, ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ತಣ್ಣಗೂ ರುಚಿಸೋದು ಅಕ್ಕಿ ರೊಟ್ಟಿ. ಹಿಟ್ಟಿಗೆ ಅನ್ನ ಸೇರಿಸಿ ನಾದಿದ್ರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತೆ. ಬಿಸಿಬಿಸಿಯಾಗೇ ಡಬ್ಬಿಗೆ ಹಾಕಿದ್ರೆ ಬೆವರಿ ಒಂದಕ್ಕೊಂದು ಅಂಟ್ಕೊಳ್ಳುತ್ತೆ. ಬಟ್ಟೆ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಬಾಳೆ ಎಲೇಲಿ ಕಟ್ಟಿ. ಹಸಿ ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೆ ಹಳಸುತ್ತೆ, ಉಪ್ಪಿನಕಾಯಿ ಸಾಕು. ನೀರು ತಲೆಗೆ ಎರಡು ಲೀಟರ್. ಇಷ್ಟನ್ನೂ ಒಂದೇ ಬೈಕಿನ ಹಿಂದೆ ಎತ್ತರಕ್ಕೆ ಕಟ್ಟಿದ್ರೆ ಏರಲ್ಲಿ ಮುಂದಿನ ಚಕ್ರ ಹಗುರ ಆಗುತ್ತೆ, ಅದಕ್ಕೇ ಎಲ್ಲ ಬೈಕುಗಳಿಗೂ ಹಂಚಿ.

ಹಿಂತಿರುಗುವಾಗ ಬ್ರೇಕ್ ನಂಬಿಕೆ ಇಲ್ಲದವರನ್ನ ಎಲ್ರಿಗಿಂತ ಮುಂದೆ ಬಿಡಿ. ಅವರ ವೇಗವೇ ಗುಂಪಿನ ವೇಗ. ಕಕ್ಕಬ್ಬೆಯಲ್ಲಿ ನಿಂತು ತಲೆ ಎಣಿಸಿ, ಆಮೇಲೆ ನಾಪೋಕ್ಲು ರಸ್ತೆ ಹಿಡೀರಿ.