15 ದಿನ, ಒಂದು ಹಾಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಎರಡು ವಿಷಯ ಮಾತಾಡಿ ಅಂತ ಆಕಾಶವಾಣಿಯವರು ಹೇಳಿದ್ದಾರೆ. ಮನೆಗಳ ನಡುವೆ ಏನು ಕಟ್ಟಬಹುದು, ಏನು ಕಟ್ಟಬಾರದು ಅನ್ನುವುದು ಒಂದು. ಜನರಿಗೆ ಅಪಾಯ ಮಾಡುವ ಪ್ರಾಣಿಗಳ ಬಗ್ಗೆ ಇರುವ ನಿಯಮ ಇನ್ನೊಂದು. ನಗರ ಯೋಜನೆಯ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು. ಎರಡಕ್ಕೂ ನನ್ನ ಮಾತು ಒಂದೇ. ನಿಮ್ಮ ಆಕ್ಷೇಪಣೆಯನ್ನು ಬರೆದು ಕೊಡಿ. ಅವಧಿ ಮುಗಿಯುವುದರೊಳಗೆ ಕೊಡಿ.

ಪಾಲಿಕೆ ಸಭೆಯಲ್ಲಿ ಸದಸ್ಯರು ಕೈ ಎತ್ತಿದರೆ ಎಲ್ಲ ತೀರ್ಮಾನ ಆಯಿತು ಅಂದುಕೊಂಡವರೇ ಜಾಸ್ತಿ. ಹಾಗಲ್ಲ. ಯಾವ ಜಾಗ ವಾಸಕ್ಕೆ, ಯಾವುದು ವ್ಯಾಪಾರಕ್ಕೆ, ಯಾವುದು ಉದ್ಯಾನಕ್ಕೆ ಅಂತ ಹೇಳುವುದು ಮಾಸ್ಟರ್ ಪ್ಲಾನ್. ಶಿವಮೊಗ್ಗದಲ್ಲಿ ಅದನ್ನು ತಯಾರಿಸುವುದು ನಗರಾಭಿವೃದ್ಧಿ ಪ್ರಾಧಿಕಾರ, ನಾವೆಲ್ಲ ಸೂಡಾ ಅನ್ನುತ್ತೇವಲ್ಲ, ಅದು. ಒಪ್ಪಿಗೆ ಕೊಡುವುದು ಸರ್ಕಾರ. ಪಾಲಿಕೆಯ ಪಾಲಿಗೆ ಬರುವುದು ಕಟ್ಟಡದ ಲೈಸೆನ್ಸ್. ನಕ್ಷೆಯಲ್ಲಿ ಹಳದಿ ಅಂದರೆ ವಾಸ, ನೀಲಿ ಅಂದರೆ ವ್ಯಾಪಾರ, ಹಸಿರು ಅಂದರೆ ಉದ್ಯಾನ. ಸೈಟು ತಗೊಳ್ಳುವಾಗ ವಾಸ್ತು ನೋಡುತ್ತೀರಿ, ನೀರು ನೋಡುತ್ತೀರಿ. ದಯವಿಟ್ಟು ಈ ಬಣ್ಣವನ್ನೂ ನೋಡಿ.

ಯಾಕೆಂದರೆ ಈ ಬಣ್ಣ ಬದಲಾಗುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ 14-ಎ ಅಂತ ಒಂದು ಕಲಂ ಇದೆ. ಹಳದಿಯನ್ನು ನೀಲಿ ಮಾಡಬೇಕಾದರೆ ಮೊದಲು ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಜನ ಆಕ್ಷೇಪಣೆ ಸಲ್ಲಿಸಲು ಕನಿಷ್ಠ 15 ದಿನ ಬಿಡಬೇಕು. ಆ 15 ದಿನ ನಿಮ್ಮದು.

ಇದಕ್ಕೊಂದು ಪ್ರಸಂಗ ಹೇಳುತ್ತೇನೆ. ಮಲೆನಾಡಿನದೇ ಒಂದು ಊರು, ಹೆಸರು ಬೇಡ. ಅಲ್ಲೊಂದು ಬಡಾವಣೆ, ತುಂಬಾ ಮನೆಗಳು, ನಡುವೆ ಖಾಲಿ ಜಾಗ. ಅಲ್ಲಿ ಕಲ್ಯಾಣ ಮಂಟಪ ಕಟ್ಟುವುದಕ್ಕೆ ಭೂ ಉಪಯೋಗ ಬದಲಾವಣೆ ಕೇಳಿ ಅರ್ಜಿ ಬಂತು. ಪೇಪರಿನಲ್ಲಿ ಪ್ರಕಟಣೆಯೂ ಬಂತು. ಎಲ್ಲಿ ಬಂತು? ಒಳಪುಟದ ಮೂಲೆಯಲ್ಲಿ, 'ಹೆಸರು ಬದಲಾವಣೆ'ಗೂ 'ಕಾಣೆಯಾಗಿದ್ದಾರೆ'ಗೂ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಬಡಾವಣೆಯ ಹೆಸರೇ ಇಲ್ಲ, ಬರೀ ಸರ್ವೆ ನಂಬರು. ಯಾರು ಓದುತ್ತಾರೆ ಹೇಳಿ?

ಒಬ್ಬರು ಓದಿದರು. ರಿಟೈರಾದ ಟೀಚರಮ್ಮ. ಆ ನಂಬರು ಎಲ್ಲೋ ನೋಡಿದ ಹಾಗಿದೆಯಲ್ಲ ಅಂತ ಬೀರುವಿನಿಂದ ತಮ್ಮ ಕ್ರಯಪತ್ರ ತೆಗೆದರು. ಚೆಕ್ಕುಬಂದಿಯಲ್ಲಿ ಪಕ್ಕದ ಜಾಗದ ಸರ್ವೆ ನಂಬರು ಅದೇ! ಅವರು ಕೂಗಾಡಲಿಲ್ಲ. ಮರುದಿನ ಬೆಳಗ್ಗೆ ಮೊಮ್ಮಗನ ಕೈಗೆ ಟೇಪಿನ ಒಂದು ತುದಿ ಕೊಟ್ಟು ರಸ್ತೆ ಅಳೆದರು. 30 ಅಡಿ. ಎರಡು ಕಡೆ ಕಾರು ನಿಂತರೆ ನಡುವೆ ಆಂಬುಲೆನ್ಸ್ ಹೋಗುವುದಿಲ್ಲ ಅಂತ ಬರೆದರು. ಹಿಂದುಗಡೆ ಮಳೆಗಾಲದಲ್ಲಿ ತುಂಬಿ ಹರಿಯುವ ಕಾಲುವೆ ಇದೆ ಅಂತ ಬರೆದರು. ಫೋಟೋ ಅಂಟಿಸಿದರು. ಬೈಗುಳ ಒಂದೂ ಇಲ್ಲ, ಯಾರ ಮೇಲೂ ಆರೋಪ ಇಲ್ಲ. ಒಂದೇ ಹಾಳೆ. ಸಂಜೆ ಮನೆ ಮನೆಗೆ ಹೋಗಿ ಸಹಿ ಹಾಕಿಸಿದರು. ಅವಧಿ ಮುಗಿಯುವ ಮೊದಲೇ ಕಚೇರಿಗೆ ಕೊಟ್ಟು, ತಮ್ಮ ಪ್ರತಿಯ ಮೇಲೆ ಟಪಾಲಿನ ಸೀಲು ಒತ್ತಿಸಿಕೊಂಡೇ ಹೊರಟರು.

ಕಡತದಲ್ಲಿ ಆ ಹಾಳೆ ಕೂತ ಮೇಲೆ ಅಧಿಕಾರಿ ಅದಕ್ಕೆ ಉತ್ತರ ಬರೆಯಲೇಬೇಕು. ರಸ್ತೆ ಅಳೆದು ಬನ್ನಿ ಅಂತ ಕಳಿಸಿದರು. ಹೌದು, 30 ಅಡಿಯೇ. ಮಂಟಪ ಆ ಜಾಗಕ್ಕೆ ಬರಲಿಲ್ಲ. ಇಂಥ ಎಷ್ಟೋ ಕಡತ ಬೇರೆ ಊರುಗಳಿಂದ ನಮ್ಮ ಮುಂದೆ ಬರುತ್ತಿದ್ದವು. ಅವುಗಳಲ್ಲಿ 'ಯಾವ ಆಕ್ಷೇಪಣೆಯೂ ಬಂದಿಲ್ಲ' ಅಂತ ಒಂದು ಸಾಲು ಇರುತ್ತಿತ್ತು, ಅಷ್ಟೇ. ಆಮೇಲೆ ಅದೇ ಜನ ಧರಣಿಗೆ ಬರುತ್ತಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ? ನನಗೆ ಬೇಜಾರಾಗುವುದೇ ಅಲ್ಲಿ. ಬರೆದು ಕೊಡಿ, ಸೀಲು ಹಾಕಿಸಿಕೊಳ್ಳಿ.

ಸಮಯ ಕಡಿಮೆ ಇದೆ. ಪ್ರಾಣಿಗಳ ವಿಷಯಕ್ಕೆ ಬರುತ್ತೇನೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಯ ನಾಯಿಗಳು ಅಪಾಯಕಾರಿ, ಅವನ್ನು ಮಾರಲು, ಸಾಕಲು ಲೈಸೆನ್ಸ್ ಕೊಡಬೇಡಿ ಅಂತ. ಮರುತಿಂಗಳೇ ನಮ್ಮ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೀಗೆ ಮಾಡಿದ್ದು ಸರಿಯಲ್ಲ ಅಂತ ಹೇಳಿತು. ನೋಡಿ, ಜನರನ್ನು ಕೇಳುವುದು ಅಷ್ಟು ಮುಖ್ಯ. ಕೇಳಿದಾಗ ನಾವು ಸುಮ್ನೆ ಕೂತರೆ ಹೇಗೆ?

ಬೀದಿ ನಾಯಿಗೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮ ಇದೆ. ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಹೀಗೇ ಹೇಳಿತು. ಆದರೆ ರೇಬೀಸ್ ಇರುವ, ಮೈಮೇಲೆ ಬೀಳುವ ನಾಯಿಯನ್ನು ಬಿಡಬಾರದು ಅಂದಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಿರಿ, ತಿರುಗಿ ಅಲ್ಲಿ ಬಿಡಬೇಡಿ ಅಂತ ಅದೇ ವರ್ಷ ನವೆಂಬರ್ 7ರಂದು ಆದೇಶ ಬಂತು. ಮಂಗ, ಹಾವು, ಚಿರತೆ ಬಂದರೆ ಅರಣ್ಯ ಇಲಾಖೆಗೆ ಹೇಳಿ, ಪಾಲಿಕೆಗಲ್ಲ.

ನಾಯಿ ಕಚ್ಚಿದರೆ? ಹರಿಯುವ ನೀರು, ಸೋಪು, 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಕಾಫಿಪುಡಿ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಕೊನೆಯದಾಗಿ ಒಂದು ಕೆಲಸ. ಪ್ರತಿ ವಾರ್ಡಿನಲ್ಲೂ ಬೀದಿ ನಾಯಿಗೆ ಊಟ ಹಾಕುವ ಜಾಗ ಗುರುತಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅದು ಮಕ್ಕಳು ಆಡುವ ಜಾಗದಿಂದ, ಮೆಟ್ಟಿಲು, ಗೇಟುಗಳಿಂದ ದೂರ ಇರಬೇಕು ಅಂತ ನಿಯಮದಲ್ಲೇ ಇದೆ. ವಿನೋಬನಗರದಲ್ಲಿರಲಿ, ಗೋಪಾಳದಲ್ಲಿರಲಿ, ನಿಮ್ಮ ಬೀದಿ ನಿಮಗೆ ಗೊತ್ತು. ಅಂಗನವಾಡಿಗೆ ಮಕ್ಕಳು ಯಾವ ದಾರಿಯಲ್ಲಿ ಹೋಗುತ್ತಾರೆ, ಹಾಲಿನವರು ಬೆಳಗಿನ ಕತ್ತಲಲ್ಲಿ ಎಲ್ಲಿ ಗಾಡಿ ನಿಲ್ಲಿಸುತ್ತಾರೆ, ಎಲ್ಲ ಗೊತ್ತು. ಪೆನ್ಸಿಲಿನಲ್ಲಿ ಒಂದು ನಕ್ಷೆ ಗೀಚಿ. ಇಲ್ಲಿ ಬೇಡ, ಇಲ್ಲಿ ಆಗಬಹುದು ಅಂತ ಗುರುತು ಹಾಕಿ. ವಾರ್ಡ್ ನಂಬರು, ವಿಳಾಸ, ತಾರೀಕು, ನಾಲ್ಕು ಮನೆಯವರ ಸಹಿ ಹಾಕಿ ಪಾಲಿಕೆ ಆಯುಕ್ತರಿಗೆ ಕೊಡಿ. ಈ ವಾರವೇ ಕೊಡಿ, ಆಯಿತಾ?

ನಮಸ್ಕಾರ.