ಉಕ್ತಲೇಖನ: ಹತ್ತಕ್ಕೆ ಎರಡು

ಕೇಳುಗರಿಗೆ ನಮಸ್ಕಾರ.

ನಾನು ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಉಕ್ತಲೇಖನ ಕೊಟ್ಟರೆ ಅವನಿಗೆ ಹತ್ತಕ್ಕೆ ಎರಡು. 'ಅಕ್ಕ' ಅಂದರೆ 'ಅಕ' ಅಂತ ಬರೆಯುತ್ತಿದ್ದ. 'ಕಾಲು' ಹೋಗಿ 'ಕಲು' ಆಗುತ್ತಿತ್ತು. ಅಳಿಸಿ ಬರೆದು, ಮತ್ತೆ ಅಳಿಸಿ, ನೋಟ್‌ಬುಕ್ಕಿನ ಹಾಳೆಯೇ ತೂತಾಗಿತ್ತು. ನಾನು ಅವನನ್ನು ಸೋಮಾರಿ ಅಂತ ಬೈದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಸೋಮಾರಿ ಹುಡುಗ ಹಾಳೆ ತೂತಾಗುವಷ್ಟು ಸಲ ತಿದ್ದುತ್ತಾನಾ?

ಒಂದು ದಿನ ಪರಿಸರ ಪಾಠದ ಪ್ರಶ್ನೆಯನ್ನು ನಾನೇ ಓದಿ ಹೇಳಿದೆ. ಬೀಜ ಮೊಳಕೆ ಒಡೆಯುವುದರಿಂದ ಹಿಡಿದು ತೆನೆ ಕಟ್ಟುವವರೆಗೆ ಎಲ್ಲವನ್ನೂ ಬಾಯಲ್ಲಿ ಹೇಳಿಬಿಟ್ಟ. ಗೊತ್ತಿದ್ದದ್ದು ಕೈಗೆ ಇಳಿಯುತ್ತಿರಲಿಲ್ಲ, ಅಷ್ಟೆ.

ಇದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ. ಬುದ್ಧಿಗೆ ಏನೂ ಕೊರತೆಯಿಲ್ಲ, ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಬೀಳುವುದು ಕಷ್ಟ. ಕನ್ನಡ ಬರೆದಂತೆ ಓದುವ ಭಾಷೆ, ನಮ್ಮ ಮಕ್ಕಳಿಗೆ ಇದೆಲ್ಲ ಬರಲ್ಲ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಗುಡಿಸು ಮೇಲೆ, ಕೊಂಬು ಪಕ್ಕಕ್ಕೆ, ಒತ್ತು ಕೆಳಗೆ. ಇಷ್ಟನ್ನೂ ಒಟ್ಟಿಗೆ ಹಿಡಿಯಬೇಕಲ್ವಾ? ಎಷ್ಟೋ ಮಕ್ಕಳು ಸರಿಯಾಗಿಯೇ ಓದುತ್ತಾರೆ, ಆದರೆ ಒಂದೊಂದು ಸಾಲಿಗೂ ತುಂಬಾ ಹೊತ್ತು ಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇರುವ 21 ಬಗೆಯ ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿದೆ. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ, ಅವರಿಗೆ ತಕ್ಕಂತೆ ಕಲಿಸಬೇಕು ಅಂತ ಅದರ 16ನೇ ಸೆಕ್ಷನ್ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ಸಹಾಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವು 17ನೇ ಸೆಕ್ಷನ್‌ನಲ್ಲಿವೆ. ಅಪ್ಪ ಅಮ್ಮ ಇದನ್ನು ಕೈಮುಗಿದು ಬೇಡಬೇಕಾಗಿಲ್ಲ, ಹಕ್ಕಿನಿಂದ ಕೇಳಬಹುದು.

ಆದರೆ ನಾನು ನೋಡಿದ ಹೆಚ್ಚಿನವರು ಓಡಾಡಲು ಶುರು ಮಾಡುವುದೇ ಹತ್ತನೇ ಕ್ಲಾಸಿನಲ್ಲಿ, ಪರೀಕ್ಷೆ ಫಾರಂ ಬಂದ ಮೇಲೆ. ಅಷ್ಟು ಹೊತ್ತಿಗೆ ಮಗು ಏಳೆಂಟು ವರ್ಷ 'ದಡ್ಡ' ಅನ್ನಿಸಿಕೊಂಡಿರುತ್ತದೆ. ಅಷ್ಟು ಕಾಯಬೇಡಿ. ಎಂಟು ವರ್ಷದ ಹೊತ್ತಿಗೆ, ಅಂದರೆ ಮೂರನೇ ಕ್ಲಾಸಿನ ಸುಮಾರಿಗೆ, ಪರೀಕ್ಷಿಸಿ ಖಚಿತಪಡಿಸಿಕೊಳ್ಳಬಹುದು. ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಸರ್ಕಾರಿ ಶಾಲೆಯಾದರೆ ತಾಲ್ಲೂಕಿನ ಬಿಆರ್‌ಸಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ.

ಶಾಲೆಯಲ್ಲಿ ಬರೀ ಬಾಯಿ ಮಾತಿನಲ್ಲಿ ಹೇಳಿ ಬರಬೇಡಿ. ಹೆಡ್‌ಮಾಸ್ಟರಿಗೆ ಅರ್ಜಿ ಬರೆದುಕೊಡಿ, ಜೆರಾಕ್ಸ್ ಪ್ರತಿಯ ಮೇಲೆ ತಾರೀಖು ಹಾಕಿಸಿ ಸಹಿ ತೆಗೆದುಕೊಳ್ಳಿ. ಏನು ಬೇಕು ಅಂತ ಬಿಡಿಸಿ ಬರೆಯಿರಿ. ಎಲ್ಲರ ಮುಂದೆ ನಿಲ್ಲಿಸಿ ಓದಿಸಬಾರದು. ವಿಜ್ಞಾನದ ಉತ್ತರದಲ್ಲಿ ಕಾಗುಣಿತ ತಪ್ಪಿದ್ದಕ್ಕೆ ಅಂಕ ಕಳೆಯಬಾರದು. ಬೋರ್ಡಿನ ನೋಟ್ಸನ್ನು ಜೆರಾಕ್ಸ್ ಮಾಡಿ ಕೊಡಬೇಕು. ಕಿರುಪರೀಕ್ಷೆಗಳಲ್ಲಿ ಪ್ರಶ್ನೆಯನ್ನು ಓದಿ ಹೇಳಬೇಕು. ಇದಕ್ಕೆಲ್ಲ ಶಾಲೆಗೆ ದೊಡ್ಡ ಖರ್ಚೇನೂ ಬರುವುದಿಲ್ಲ.

ಪರೀಕ್ಷೆ ಮಾಡಿಸಲು ಹೋಗುವಾಗ ಮಗುವಿನ ನೋಟ್‌ಬುಕ್ ಮರೆಯಬೇಡಿ. ನೀವು ಪಕ್ಕದಲ್ಲಿ ಕೂತು ಅಂದವಾಗಿ ಬರೆಸಿದ್ದು ಬೇಡ. ಅಳಿಸಿ ಅಳಿಸಿ ತೂತಾದ ನೋಟ್‌ಬುಕ್ ಇರುತ್ತದಲ್ಲ, ಅದನ್ನು ತೆಗೆದುಕೊಂಡು ಹೋಗಿ. ನಮಸ್ಕಾರ.